ಕೊಡಬಾರದ ಮಾತು

ಆ ಪ್ರಶ್ನೆ ಬರುವುದಕ್ಕೆ ಇನ್ನೂ ನಾಲ್ಕು ಪುಟವಿತ್ತು. ಆದರೂ ಗಾರ್‌ಸೈಡನ ಬೆರಳು, ಹುಳುಕು ಹಲ್ಲನ್ನು ಹುಡುಕುವ ನಾಲಗೆಯ ಹಾಗೆ, ಮತ್ತೆ ಮತ್ತೆ ಆ ಪುಟದ ಅಂಚಿಗೇ ಹೋಗಿ ನಿಲ್ಲುತ್ತಿತ್ತು. ಬ್ರೆಡ್ಲೋ ಊರಿನ ಡಾರ್ಕಸ್ ಆಲ್ಸಪ್ ಎಂಬ ಎಪ್ಪತ್ತಾರರ ಮುದುಕಿಯ ಅಡುಗೆಮನೆಯಲ್ಲಿ ಅವನು ಬೆಳಗಿನಿಂದ ಕೂತಿದ್ದ. ಸುಣ್ಣಕಲ್ಲಿನ ಗುಡ್ಡದ ಆ ಕಡೆ ಬಿಸಿಲು ಬಿದ್ದಿತ್ತು, ಈ ಕಡೆ ಇನ್ನೂ ಇಬ್ಬನಿ. ಯುದ್ಧ ಮುಗಿದು ಹತ್ತು ವರ್ಷ. ಹಳೆಯ ತಲೆಗಳು ಉದುರಿಹೋಗುವ ಮೊದಲು ಅವರ ಬಾಯಿಯ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆದಿಡಬೇಕೆಂದು ವಿಶ್ವವಿದ್ಯಾಲಯದವರು ಊರೂರಿಗೆ ಕಳಿಸಿದ್ದ ಏಳೆಂಟು ಜನರಲ್ಲಿ ಅವನೂ ಒಬ್ಬ. ಪ್ರಶ್ನೆಗಳು ಸಾವಿರದ ಚಿಲ್ಲರೆ, ನಿಯಮ ಮಾತ್ರ ಒಂದೇ. ಮಾತನ್ನು ನೀನು ಆಡಕೂಡದು, ಅವರೇ ಆಡಬೇಕು. ನೊಗವನ್ನು ತೋರಿಸಿ ಇದಕ್ಕೇನಂತೀರಿ ಎಂದು ಕೇಳಬಹುದು, ನೊಗ ಎಂದು ನೀನು ಉಸಿರೆತ್ತುವ ಹಾಗಿಲ್ಲ. ಎತ್ತಿದೆಯೋ, ಆಮೇಲೆ ಬಂದ ಉತ್ತರ ಅವರದಲ್ಲ, ನಿನ್ನದು. ಆ ನಿಯಮ ಅವನಿಗೆ ಮೊದಮೊದಲು ಉಪವಾಸದ ಹಾಗೆ ಹಿತವಾಗಿತ್ತು. ಬಾವಿಗೆ ಕೊಡ ಇಳಿಸಿ ಹಗ್ಗ ಅಲುಗಿಸದೆ ನಿಂತವನ ಸುಖ ಅದು.

"ಇನ್ನೆಷ್ಟಿದೆ ಮೇಷ್ಟ್ರೇ?" ಡಾರ್ಕಸ್ ಎದ್ದೇಬಿಟ್ಟಳು. "ನಾಳೆ ಸ್ವರ್ಗಾರೋಹಣದ ಹಬ್ಬ. ಕೊಟ್ಟಿಗೇಲಿ ಹೂವಿನ ಹಲಗೆ ಅರ್ಧಕ್ಕೇ ನಿಂತಿದೆ. ನಾನಿಲ್ಲಿ ಕೂತು ಹಂದಿಯ ಮೂತಿಗೆ ಏನಂತೀವಿ, ಬಾಲಕ್ಕೆ ಏನಂತೀವಿ ಅಂತ ಹೇಳ್ತಾ ಇದ್ರೆ ನಮ್ಮ ನೀರಿನ ಊಟೆ ತಾಯಿ ಬರಿ ಮೈಲಿ ಇರ್ಬೇಕಾಗುತ್ತೆ."

"ನಾನು ನಾಳಿದ್ದು ಬರ್ತೀನಮ್ಮಾ."

"ನಾಳಿದ್ದು ನಾನು ಇರ್ತೀನೋ ಇಲ್ವೋ. ಕೈ ಇದೆಯಲ್ಲ ನಿಮ್ಗೆ, ಬನ್ನಿ ಅಲ್ಲಿಗೇ. ಕೈ ಕೆಲಸ ಮಾಡ್ಲಿ, ಬಾಯಿ ಪ್ರಶ್ನೆ ಕೇಳ್ಲಿ."

ಹುಲ್ಲು ತುಂಬುವ ಆ ದೊಡ್ಡ ಕೊಟ್ಟಿಗೆಯೊಳಗೆ ಬಾಗಿಲಗಲದ ಹಲಗೆಯೊಂದನ್ನು ಮರದ ಅಡ್ಡಗಾಲುಗಳ ಮೇಲೆ ಮಲಗಿಸಿದ್ದರು. ವಾರವೆಲ್ಲ ಹೊಂಡದಲ್ಲಿ ನೆನೆದ ಹಲಗೆ. ಅದರ ಮೇಲೆ ಉಪ್ಪು ಬೆರೆಸಿ ತುಳಿದ ಜೇಡಿಮಣ್ಣು ಹೆಬ್ಬೆರಳ ದಪ್ಪ, ಮಣ್ಣಿನ ಮೇಲೆ ಸೂಜಿಯಲ್ಲಿ ಚುಚ್ಚಿದ ಚಿತ್ರದ ಗೆರೆ, ಗೆರೆಯುದ್ದಕ್ಕೂ ಕೂರಿಸಿದ ಮರದಿಂದ ಉದುರಿದ ಪುಟ್ಟ ಕಪ್ಪು ಕಾಯಿಗಳು. ಮರಳುಗಾಡಿನಲ್ಲಿ ನೀರು ತೀರಿಹೋಗಿ, ಕೂಸನ್ನು ಪೊದೆಯ ನೆರಳಿಗೆ ಹಾಕಿ, ಅದು ಸಾಯುವುದನ್ನು ನೋಡಲಾರೆನೆಂದು ದೂರ ಹೋಗಿ ಕುಳಿತ ತಾಯಿ. ಅವಳ ಬೆನ್ನ ಹಿಂದೆಯೇ ಇರುವ, ಅವಳಿಗೆ ಇನ್ನೂ ಕಾಣದ ಬಾವಿ. ವರ್ಷಕ್ಕೊಂದು ಬೈಬಲಿನ ಕಥೆ ಆರಿಸಿ, ಹೂವಿನ ಎಸಳಿನಲ್ಲಿ ಚಿತ್ರ ಬರೆದು, ಊರಿಗೆ ನೀರು ಕೊಡುವ ಊಟೆಗೆ ಉಡಿಸಿ ಕೈಮುಗಿಯುವುದು ಈ ಗುಡ್ಡದವರ ಪದ್ಧತಿ. ಆರು ದಿನಕ್ಕೆ ಎಲ್ಲ ಬಾಡುತ್ತದೆ. ಬಾಡುತ್ತದೆಂದು ಯಾರೂ ಬಣ್ಣದ ಡಬ್ಬಿ ತಂದವರಲ್ಲ.

ಡಾರ್ಕಸಳ ನೆರೆಮನೆಯ ಲೆಟ್ಟಿ, ಮೂವತ್ತರ ಗಟ್ಟಿಗಿತ್ತಿ, ತೋಳು ಮಡಿಸಿಕೊಂಡು ತಾಯಿಯ ಸೆರಗಿಗೆ ನೀಲಿ ಹೂ ಒತ್ತುತ್ತಿದ್ದಳು. ಅವಳು ಗಾರ್‌ಸೈಡನಿಗೆ ಒಂದು ಬೋಗುಣಿ ಹಳದಿ ಎಸಳು ಕೊಟ್ಟು ಮರಳಿನ ಮೂಲೆಯೊಂದನ್ನು ತೋರಿಸಿದಳು. ಅವನು ಮೇಲಿನಿಂದ ಶುರುಮಾಡಿದ. ಮೂರು ಸಾಲು ಮುಗಿಸಿ, ತನ್ನ ಕೆಲಸಕ್ಕೆ ತಾನೇ ಮೆಚ್ಚಿ, ಟಿಪ್ಪಣಿ ಪುಸ್ತಕವನ್ನು ಮೊಣಕಾಲ ಮೇಲೆ ತೆರೆದು, ಕುರಿ ಕಳೆದುಹೋದಾಗ ಕೂಗುವ ಕೂಗು ಯಾವುದೆಂದು ಕೇಳುವಷ್ಟರಲ್ಲಿ ಲೆಟ್ಟಿ ಬಗ್ಗಿ ನೋಡಿ ಕಿಸಕ್ಕನೆ ನಕ್ಕಳು.

"ಅಯ್ಯೋ ಡಾರ್ಕಸಮ್ಮಾ, ಇಲ್ನೋಡಿ! ಇವ್ರು ಮನೆಗೆ ಹೆಂಚು ಮೇಲಿಂದ ಕೆಳಕ್ಕೆ ಹೊದಿಸ್ತಾರಂತೆ! ಒಂದು ಹನಿ ಬಿದ್ರೆ ನೀರೆಲ್ಲಾ ಒಳಕ್ಕೇ."

"ಓದಿದವರಲ್ವೇನೇ, ಪುಸ್ತಕ ಮೇಲಿಂದಾನೇ ಓದೋದು," ಎಂದಳು ಡಾರ್ಕಸ್, ತಲೆಯೆತ್ತದೆ. "ಕಿತ್ಹಾಕು. ಕೆಳಗಿಂದ ತೋರ್ಸು."

ಲೆಟ್ಟಿ ಅವನ ಮೂರು ಸಾಲನ್ನೂ ಪಿನ್ನಿನ ತುದಿಯಲ್ಲಿ ಒಂದೊಂದಾಗಿ ಕಿತ್ತಳು. ಕಿವಿಯವರೆಗೆ ಬಿಸಿಯೇರಿತು ಅವನಿಗೆ. ನಲವತ್ತನಾಲ್ಕು ವರ್ಷದ ಗಂಡಸು, ಆರು ಭಾಷೆಯ ಹಳೆಯ ವ್ಯಾಕರಣ ಬಲ್ಲವನು, ಎಸಳೊಂದನ್ನು ನೆಡಲು ಬಾರದೆ ಕೈ ಒರೆಸಿಕೊಳ್ಳುತ್ತಿದ್ದಾನೆ. ಶಾಲೆಯಲ್ಲಿ ಅವನ ಬಾಯಿಂದ, ಅವನು ಹುಟ್ಟಿದ ಗಿರಣಿಯೂರಿನ ಮಾತನ್ನು ಹೀಗೆಯೇ ಒಂದೊಂದಾಗಿ ಕಿತ್ತಿದ್ದರು. ಹತ್ತು ವರ್ಷದವನನ್ನು ಬೆಂಚಿನ ಮೇಲೆ ನಿಲ್ಲಿಸಿ, ಹಾಗಲ್ಲ ಹೀಗೆ, ಹಾಗಲ್ಲ ಹೀಗೆ ಎಂದು ಬೆತ್ತದ ತುದಿಯಲ್ಲಿ ತುಟಿಯನ್ನು ಮುಟ್ಟಿ ತೋರಿಸಿದ್ದರು. ಅವ್ವ ಮಾತ್ರ ಕೊನೆಯವರೆಗೂ ತನ್ನ ಮಾತನ್ನೇ ಆಡಿದಳು. ಒಲೆಯ ಮುಂದಿನಿಂದ ಏಳದ ಮಗನನ್ನು ನೋಡಿ, ನೂಲಿನ ಧೂಳು ಮೆತ್ತಿದ ಶಾಲನ್ನು ಕೊಡವುತ್ತಾ, "ನೇಶ್ ನೀನು. ಗಾಳಿ ಸೋಕಿದ್ರೆ ಸಾಯ್ತೀಯಾ," ಎನ್ನುತ್ತಿದ್ದಳು. ಚಳಿ ತಡೆಯದವನು, ಮೆತ್ತಗಿನವನು, ಗಂಡಸಲ್ಲದವನು. ಬೀದಿಯ ಹುಡುಗರೂ ಅದೇ ಮಾತಿನಲ್ಲಿ ಹೊಡೆಯುತ್ತಿದ್ದರು. ಆದರೆ ಅವ್ವನ ಬಾಯಲ್ಲಿ ಮಾತ್ರ ಆ ಏಕಾರ ಹಗ್ಗದಷ್ಟು ಉದ್ದವಾಗುತ್ತಿತ್ತು. ಅವಳು ಹೋಗಿ ಹದಿನೈದು ವರ್ಷ. ಆ ಗಿರಣಿಯೂರು ಸಮೀಕ್ಷೆಯ ಪಟ್ಟಿಯಲ್ಲಿಲ್ಲ, ಪಟ್ಟಣದ ಮಾತು ಕಲಬೆರಕೆಯೆಂದು ಬಿಟ್ಟಿದ್ದಾರೆ. ಅವ್ವನ ಸ್ವರ ಲೋಕದ ಯಾವ ಕಾಗದದ ಮೇಲೂ ಇಲ್ಲ.

ಒಂದನ್ನು ಬಿಟ್ಟರೆ. ವಿನ್ಶೋ ಎಂಬ ಊರಿನ ಟಿಪ್ಪಣಿ, ಆರನೆಯ ಭಾಗ, ಚಳಿಯ ಪ್ರಶ್ನೆ. ಇಲ್ಲಿಗೆ ಎಂಟು ಮೈಲಿ. ಫೆಬ್ರವರಿಯ ಹಿಮದಲ್ಲಿ ಅವನು ಅಲ್ಲಿಗೆ ಹೋಗಿದ್ದ. ಈನಾಕ್ ಸ್ವಿಂಡೆಲ್ ಎಂಬ ಕಲ್ಲುಗಣಿಯ ಮುದುಕ ಹಾಸಿಗೆಯಲ್ಲಿ ಒರಗಿ, ಕೈ ಮಾಡಿ ತೋರಿಸಿದ್ದಕ್ಕೆ ಹೆಸರು ಹೇಳುತ್ತಾ, ಬರಿಯ ಮಾತಿನಲ್ಲಿ ಕೇಳಿದ್ದಕ್ಕೆಲ್ಲ ಕಣ್ಣು ಮಿಟುಕಿಸುತ್ತಿದ್ದ. ಚಳಿಗೆ ಬೇಗ ನಡುಗುವವನನ್ನು ನಿಮ್ಮಲ್ಲಿ ಏನಂತೀರಿ? ಮುದುಕ ಕಿಟಕಿಯಾಚೆಯ ಹಿಮ ನೋಡಿದ. ಗಾರ್‌ಸೈಡ್ ಮತ್ತೆ ಕೇಳಿದ, ಮೂರನೆಯ ಸಲ ಕೇಳಿದ. ಒಲೆಯಲ್ಲಿ ಇದ್ದಲು ಕುಸಿಯಿತು. ಆ ಕ್ಷಣದಲ್ಲಿ ಗಾರ್‌ಸೈಡನಿಗೆ, ಹಸಿದವನಿಗೆ ಅನ್ನದ ವಾಸನೆ ಬಂದ ಹಾಗೆ, ಆ ಶಬ್ದವನ್ನು ಇನ್ನೊಮ್ಮೆ ಮನುಷ್ಯರ ಬಾಯಿಂದ ಕೇಳಬೇಕೆನಿಸಿಬಿಟ್ಟಿತು. ಬಗ್ಗಿ, ಮುದುಕನ ಕಿವಿಯ ಬಳಿ, "ನೇಶ್?" ಎಂದ. ಮುದುಕ ತಲೆಯಾಡಿಸಿದ. ಬಾಯಿ ಬಿಡಲಿಲ್ಲ, ತಲೆಯಾಡಿಸಿದ ಅಷ್ಟೆ. ಗಾರ್‌ಸೈಡನ ಕೈ ಧ್ವನಿಲಿಪಿಯಲ್ಲಿ ಬರೆದುಕೊಂಡಿತು, ಯಾರ ಧ್ವನಿಯನ್ನು ಬರೆಯುತ್ತಿದ್ದೇನೆಂದು ತಿಳಿದೂ ಬರೆದುಕೊಂಡಿತು. ಏಪ್ರಿಲಿನಲ್ಲಿ ಪ್ರಾಧ್ಯಾಪಕರ ಕಾಗದ ಬಂತು. ವಿನ್ಶೋದ ಉತ್ತರ ಅಪೂರ್ವ, ಆ ಶಬ್ದದ ಎಲ್ಲೆ ನಾವು ಎಣಿಸಿದ್ದಕ್ಕಿಂತ ಈಚೆಗೆ ಬಾಗುತ್ತದೆ, ನಕಾಶೆಯಲ್ಲಿ ಚುಕ್ಕೆ ಇಟ್ಟಿದ್ದೇನೆ, ಬ್ರೆಡ್ಲೋದಲ್ಲಿಯೂ ಸಿಕ್ಕರೆ ಸಂಶಯವೇ ಉಳಿಯದು. ಆ ಕಾಗದ ಬಂದಂದಿನಿಂದ ಪ್ರಾರ್ಥನೆಗೆ ಕೂತರೂ ಅವನ ಕಣ್ಣಿಗೆ ಆ ಚುಕ್ಕೆಯೇ ಬರುತ್ತಿತ್ತು. ಚುಕ್ಕೆ ಅಳಿಸಬೇಕೆಂದರೆ ಅವ್ವನನ್ನು ಅಳಿಸಬೇಕು. ಅಳಿಸದಿದ್ದರೆ ಒಂದು ಇಡೀ ಊರಿನ ಬಾಯಲ್ಲಿ ಸುಳ್ಳು ತುತ್ತು ಇಟ್ಟ ಹಾಗೆ, ನೂರು ವರ್ಷದ ಮೇಲೆ ಅದನ್ನೇ ನಂಬಿ ಓದುವವರಿದ್ದಾರೆ.

"ಮೇಷ್ಟ್ರಿಗೆ ನಿದ್ದೆ ಬಂತೇನೋ," ಎಂದಳು ಲೆಟ್ಟಿ.

ಪುಟ ಬಂದಿತ್ತು. ಅವನು ಪೆನ್ಸಿಲು ಎತ್ತಿಕೊಂಡ. "ಡಾರ್ಕಸಮ್ಮಾ, ಒಬ್ಬ ಮನುಷ್ಯ ಇದ್ದಾನೆ ಅಂದ್ಕೊಳ್ಳಿ. ಸ್ವಲ್ಪ ಗಾಳಿ ಬೀಸಿದ್ರೂ ಗಡಗಡ ನಡುಗ್ತಾನೆ, ಒಲೆ ಬಿಟ್ಟು ಏಳೋದಿಲ್ಲ. ಅವನು ಎಂಥವನು ಅಂತೀರಿ?"

"ಸೋಮಾರಿ ಅಂತೀನಿ."

"ಸೋಮಾರಿ ಅಲ್ಲ, ಚಳಿ ತಡೆಯಲ್ಲ ಅವನಿಗೆ."

"ಅದಾ? ಸ್ಟಾರ್ವ್ಡ್ ಅಂತೀವಿ. ಚಳಿಗೆ ಸ್ಟಾರ್ವ್ಡ್ ಆಗಿ ಕೂತವ್ನೆ ಅಂತ. ಉತ್ತರದ ಕಡೆ ಎಲ್ಲಾ ಹಂಗೇ ಅಲ್ವಾ?"

ಅವನು ಬರೆದುಕೊಂಡ. ಬೇರೆ ಏನಾದರೂ ಅನ್ನುವುದುಂಟೇ ಎಂದು ಒಂದು ಸಲ ಕೇಳಲು ನಿಯಮ ಒಪ್ಪುತ್ತದೆ. ಕೇಳಿದ.

"ಒಂದು ಸಾಲ್ದಾ ನಿಮ್ಗೆ? ಸಂತೇಲಿ ಕೊಂಡ್ಕೊಳ್ಳೋರ ಥರ ಕೇಳ್ತೀರಲ್ಲ."

ಶಬ್ದ ನಾಲಗೆಯ ತುದಿಗೆ ಬಂದು ಕುಳಿತಿತ್ತು. ಇಲ್ಲಿ ಈನಾಕನೂ ಇಲ್ಲ, ಹಿಮವೂ ಇಲ್ಲ, ಹೂವಿನ ಕೊಟ್ಟಿಗೆಯಲ್ಲಿ ಒಂದು ಸಣ್ಣ ಮಾತನ್ನು ತೇಲಿಬಿಟ್ಟರೆ ಯಾರಿಗೆ ಗೊತ್ತಾಗಬೇಕು? ಈ ಮುದುಕಿ ಸೌಜನ್ಯಕ್ಕಾದರೂ ಹೂಂ ಎನ್ನುತ್ತಾಳೆ. ಅಲ್ಲಿಗೆ ಎರಡು ಚುಕ್ಕೆ, ಎರಡು ಚುಕ್ಕೆಗೆ ಒಂದು ಗೆರೆ, ಗೆರೆಯೊಳಗೆ ಅವ್ವ ಸುಖವಾಗಿ ಇರುತ್ತಾಳೆ. ಅವನು ಬಾಯಿ ಮುಚ್ಚಿ, ಹಲ್ಲು ಕಚ್ಚಿ, ಕೆಳಗಿನ ಸಾಲಿನಿಂದ ಒಂದು ಹಳದಿ ಎಸಳನ್ನು ಮಣ್ಣಿಗೆ ಒತ್ತಿದ. ಅದರ ಮೇಲೆ ಅರ್ಧ ಮುಚ್ಚುವ ಹಾಗೆ ಇನ್ನೊಂದು. ಆಮೇಲೆ ಪ್ರಶ್ನೆ ಬಿಕ್ಕಳಿಕೆಯದು, ಸೀನಿನದು, ಎಡಗೈಯವನದು. ಡಾರ್ಕಸ್ ಹೇಳುತ್ತಾ ಹೋದಳು. ಹೊತ್ತು ಮಧ್ಯಾಹ್ನ ದಾಟಿತು. ಓಟ್ ರೊಟ್ಟಿ, ಗಿಣ್ಣು, ಕಡುಚಹಾ ಬಂತು. ಮಣ್ಣಿನ ಕೈಯಲ್ಲೇ ತಿಂದರು.

ಚಹಾದ ಬಟ್ಟಲು ಇನ್ನೂ ಬಿಸಿಯಿರುವಾಗ ಯಾರೋ ಬಾಗಿಲಲ್ಲಿ ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿಯೊಂದನ್ನು ಇಟ್ಟುಹೋದರು. ಸೇಬಿನ ಹೂ. ಕೂಸಿನ ಮುಖವೊಂದೇ ಇನ್ನೂ ಬರಿಯ ಮಣ್ಣಾಗಿ, ಕಣ್ಣಿಲ್ಲದೆ, ಹಲಗೆಯ ನಡುವೆ ಕಾಯುತ್ತಿತ್ತು. ಲೆಟ್ಟಿ ಬಟ್ಟೆ ಸರಿಸಿ ಬುಟ್ಟಿಗೆ ಕೈಹಾಕಿದಳು.

"ತೆಗಿಯೇ ಕೈ!" ಡಾರ್ಕಸಳ ದನಿ ಕೊಟ್ಟಿಗೆಯ ತೊಲೆಗೆ ತಾಗಿತು. "ನಿನ್ನ ಒಲೆಯಂಥ ಕೈ ಹಾಕ್ಬೇಡ ಅದಕ್ಕೆ. ಎಷ್ಟು ನೆಶ್ ಅದು, ಕಾಣಲ್ವಾ? ಬೆರಳ ಬಿಸಿ ತಾಕಿದ್ರೆ ಸಾಕು, ಕಂದಾಗುತ್ತೆ. ಈಗ ಹುಟ್ಟಿದ ಕೂಸಿನ ಕೆನ್ನೆ ಅದು, ನೆಶ್ಶಾಗಿರೋದನ್ನ ನೆಶ್ಶಾಗೇ ಮುಟ್ಬೇಕು."

ಗಾರ್‌ಸೈಡ್ ಎದ್ದು ನಿಂತಿದ್ದ. ಯಾವಾಗ ಎದ್ದನೋ ಅವನಿಗೇ ತಿಳಿಯದು, ಬಟ್ಟಲು ಹುಲ್ಲಿನ ಮೇಲೆ ಉರುಳಿ ಚಹಾ ಇಂಗಿಹೋಗುತ್ತಿತ್ತು. ಯಾರೂ ಕೇಳಿರಲಿಲ್ಲ. ಯಾರೂ ಕೊಟ್ಟಿರಲಿಲ್ಲ. ಕಲ್ಲಿನ ಸಂದಿಯಿಂದ ಒರತೆ ಜಿನುಗಿದ ಹಾಗೆ ಅದು ತಾನಾಗಿ ಬಂದಿತ್ತು, ಮೋಟು ಎಕಾರದಲ್ಲಿ, ಅವ್ವನದಲ್ಲದ, ಯಾರದೂ ಅಲ್ಲದ, ಬ್ರೆಡ್ಲೋದ ತನ್ನದೇ ಸ್ವರದಲ್ಲಿ. ಮತ್ತು ಬಂದದ್ದು ಯಾವುದಕ್ಕೆ? ಅಂಜುಬುರುಕನಿಗಲ್ಲ, ಒಲೆಗೂಡಿನ ಹುಡುಗನಿಗಲ್ಲ. ಅವನು ಓದಿದ್ದ ತೊಗಲಿನ ಹಾಳೆಗಳು ಕಣ್ಣ ಮುಂದೆ ಒಂದೊಂದೇ ಮಗುಚಿಕೊಂಡವು. ಸಾವಿರ ವರ್ಷದ ಹಿಂದೆ ಸನ್ಯಾಸಿಗಳು ಈ ಮಾತನ್ನು ಬರೆಯುವಾಗ ಮೊದಲಿಗೆ ಒಂದು ಹಕಾರ ಹಾಕುತ್ತಿದ್ದರು. ನಕಾರಕ್ಕೆ ಮುಂಚೆ ಒಂದು ಉಸಿರು, ಕನ್ನಡಿಗೆ ಬಾಯಿಂದ ಹಬೆ ಹಾಕುವಷ್ಟೇ ಉಸಿರು. ಹ್ನೆಶೆ. ಎಳೆಯದಕ್ಕೆ, ಮೆತ್ತಗಿನದಕ್ಕೆ, ನೋಯದಂತೆ ಆಡಿದ ಮಾತಿಗೆ ಹಾಗೆನ್ನುತ್ತಿದ್ದರು. ಅದಕ್ಕೂ ಹಿಂದೆ, ಈಗ ಯಾರೂ ಆಡದ ಗಾತ್ ನುಡಿಯಲ್ಲಿ, ಅರಮನೆಯವರು ಉಡುವ ಮೆತ್ತನೆಯ ಬಟ್ಟೆಗೆ ಇದರ ಅಕ್ಕನೊಬ್ಬಳು ಹೆಸರಾಗಿದ್ದಳು. ಅದರಾಚೆ ಯಾರಿಗೂ ಗೊತ್ತಿಲ್ಲ, ಅಲ್ಲಿ ಕತ್ತಲು. ಕಾಲ ಹೋದಂತೆ ಆ ಹಕಾರ ಉದುರಿತು. ಪೇಟೆಯವರು ಮಾತನ್ನೇ ಬಿಟ್ಟರು, ಗಿರಣಿಯ ಬೀದಿಗಳು ಅದನ್ನು ಬೈಗುಳ ಮಾಡಿಕೊಂಡವು, ನಿಘಂಟುಗಳು ಹಳೆಯ ಅರ್ಥದ ಪಕ್ಕ ಶಿಲುಬೆಯಂಥ ಗುರುತು ಹಾಕಿ ಸತ್ತಿತು ಎಂದವು. ಅದು ಇಲ್ಲಿ ಸೇಬಿನ ಎಸಳಿಗೆ ಬಟ್ಟೆ ಹೊದಿಸಿಕೊಂಡು ಕೂತಿತ್ತು. ರಾಜರು ಬಂದರು, ಹೋದರು. ಓದು ಬಾರದ ಹೆಂಗಸರು ಕೂಸಿನಿಂದ ಕೂಸಿಗೆ, ಬಾಯಿಂದ ಬಾಯಿಗೆ, ಒಂದು ದಿನವೂ ನೆಲಕ್ಕೆ ಬೀಳಿಸದೆ ಇದನ್ನು ದಾಟಿಸಿದ್ದರು, ತಾವೇನು ದಾಟಿಸುತ್ತಿದ್ದೇವೆಂದು ತಿಳಿಯದೆ. ಅವನಿಗೆ ಮೊಣಕಾಲೂರಬೇಕೆನಿಸಿತು. ಕಾಯುವವನೊಬ್ಬ ಇಲ್ಲದೆ ಇಷ್ಟು ಸಣ್ಣದೊಂದು ಇಷ್ಟು ದೂರ ಬರುವುದುಂಟೇ?

"ಏನಾಯ್ತು ಮೇಷ್ಟ್ರೇ? ದೆವ್ವ ನೋಡಿದ ಹಂಗೆ ನಿಂತ್ರಲ್ಲ," ಎಂದಳು ಡಾರ್ಕಸ್. ಅವಳು ಬಂದು ಅವನ ಕೈ ಹಿಡಿದು ನೋಡಿದಳು. "ಅಬ್ಬಾ! ಊಟೆಯ ನೀರಿನ ಹಾಗಿದೆಯಲ್ಲಾ ಈ ಕೈ! ಲೆಟ್ಟೀ, ಮುಟ್ಟಿ ನೋಡು. ಮೇ ತಿಂಗಳಲ್ಲಿ ಇಷ್ಟು ತಣ್ಣಗಿರೋ ಕೈ ನಾನು ನೋಡಿರಲಿಲ್ಲ. ಬನ್ನಿ, ಕೂಸಿನ ಕೆನ್ನೆ ನೀವೇ ಕೂರ್ಸಿ."

"ಇವ್ರಾ?" ಲೆಟ್ಟಿ ಬಾಯಿ ತೆರೆದಳು. "ಹೆಂಚು ತಲೆಕೆಳಗು ಹೊದಿಸೋರು!"

"ತಲೆ ಕಲೀಬಹುದು ಕಣೇ. ಕೈ ತಣ್ಣಗಾಗೋದು ಕಲಿಯಕ್ಕಾಗಲ್ಲ."

ಅವನು ಗಲ್ಲದ ಅಂಚಿನಿಂದ ಶುರುಮಾಡಿದ. ಎಸಳು ಎಸಳಾಗಿ, ಉಸಿರು ಹಿಡಿದು. ಎಸಳು ಕಂದಲಿಲ್ಲ. ಮಣ್ಣಿನೊಳಗಿನಿಂದ ಒಂದು ನಸುಗೆಂಪು ಏಳತೊಡಗಿತು. ಎಂಟನೆಯದೋ ಒಂಬತ್ತನೆಯದೋ ಕೂರಿಸುವಾಗ ಅವನು ತಲೆಯೆತ್ತದೆ ಹೇಳಿದ, "ಡಾರ್ಕಸಮ್ಮಾ, ವಿನ್ಶೋದಲ್ಲಿ ನಾನೊಂದು ತಪ್ಪು ಮಾಡಿದೀನಿ. ಈನಾಕ್ ಸ್ವಿಂಡೆಲ್ ಅಂತ ಒಬ್ರ ಬಾಯಿಗೆ ನಾನೇ ಮಾತು ಇಟ್ಟೆ. ನೀವು ಈಗಷ್ಟೆ ಅಂದ್ರಲ್ಲ, ಆ ಮಾತು. ಅವ್ರು ಹೂಂ ಅಂತ ತಲೆಯಾಡಿಸಿದ್ರು. ಅವ್ರದೇ ಅಂತ ಬರೆದುಬಿಟ್ಟೆ."

"ಈನಾಕಾ?" ಡಾರ್ಕಸ್ ಹೊಟ್ಟೆ ಕುಲುಕಿಸಿ ನಕ್ಕಳು. "ಈಸ್ಟರ್ ಆದ್ಮೇಲೆ ಮಣ್ಣು ಮಾಡಿದ್ರು ಅವನನ್ನ, ದೇವರು ಒಳ್ಳೇದು ಮಾಡ್ಲಿ. ಗಣೀಲಿ ಮದ್ದು ಸಿಡಿದು ಎರಡು ಕಿವೀನೂ ಹೋಗಿತ್ತು ಅವಂಗೆ, ನಲವತ್ತು ವರ್ಷದ ಹಿಂದೆ. ನೀವು ಬೆಂಕಿ ಬಿತ್ತು ಅಂದಿದ್ರೂ ತಲೆಯಾಡಿಸ್ತಿದ್ದ."

ನಾಚಿಕೆ ಅವನನ್ನು ಅಡಿಯಿಂದ ಮುಡಿಯವರೆಗೆ ತೊಳೆಯಿತು. ಏನೂ ಕೇಳಿಸದ ಕಿವಿಯೊಳಗೆ ಅವ್ವನ ಶಬ್ದವನ್ನು ಪಿಸುಗುಟ್ಟಿ, ಉತ್ತರ ಬಂತೆಂದು ತಾನೇ ನಂಬಿ, ಲೋಕವನ್ನೂ ನಂಬಿಸಿದ್ದ.

"ಬರೆದಿದ್ದನ್ನ ಹೊಡೆದು ಹಾಕಕ್ಕೆ ಆಗುತ್ತಾ?" ಎಂದಳು ಡಾರ್ಕಸ್, ಈಗ ಮೆಲ್ಲಗೆ.

"ಆಗುತ್ತೆ."

"ಮತ್ತೆ ಮುಖ ಯಾಕೆ ಹಂಗೆ?"

"ಅದು ನಮ್ಮವ್ವನ ಮಾತು. ಅವಳು ಅಂತಿದ್ದ ಹಾಗೇ ಬರೆದಿದ್ದೆ. ಅದನ್ನ ಹೊಡೆದು ಹಾಕಿದ್ರೆ ಅವಳು ಎಲ್ಲೂ ಇರಲ್ಲ."

ಲೆಟ್ಟಿ ಪಿನ್ನು ಕೆಳಗಿಟ್ಟಳು. ಡಾರ್ಕಸ್ ಸಮಾಧಾನ ಹೇಳುವ ಜಾತಿಯವಳಲ್ಲ. ಹಲಗೆಯನ್ನೇ ನೋಡುತ್ತಿದ್ದಳು. ಅವಳ ಬೆರಳುಗಳು ತೊಯ್ದ ಬಟ್ಟೆಯ ಅಂಚನ್ನು ಎಸಳುಗಳ ಮೇಲೆ ಎಳೆದು ಸರಿಮಾಡಿದವು. ಆರು ದಿನಕ್ಕೆ ಬಾಡುವ ಮುಖಕ್ಕೆ ಅರವತ್ತು ವರ್ಷದಿಂದ ಕೆನ್ನೆ ಕೂರಿಸುತ್ತಾ ಬಂದ ಬೆರಳುಗಳು ಅವು.

ಗಾರ್‌ಸೈಡ್ ಕೈ ಒರೆಸಿಕೊಂಡು ಬಾಗಿಲ ಬೆಳಕಿಗೆ ಹೋಗಿ ಕೂತ. ಮೊದಲು ಬ್ರೆಡ್ಲೋದ ಪುಟ. ಚಳಿಯ ಪ್ರಶ್ನೆಗೆ ಬಂದ ಉತ್ತರದ ಕೆಳಗೆ, ಸೇಬಿನ ಹೂವಿನ ಕುರಿತು, ಕೇಳದೆ ಬಂದದ್ದು ಎಂದು ಬರೆದು ಮೋಟು ಎಕಾರವನ್ನು ಇದ್ದ ಹಾಗೆ ಇಳಿಸಿದ. ಆಮೇಲೆ ಪ್ರಾಧ್ಯಾಪಕರಿಗೆ ಒಂದು ಕಾರ್ಡು. ವಿನ್ಶೋದ ಉತ್ತರ ಸ್ವಿಂಡೆಲ್ಲರದಲ್ಲ, ನನ್ನದು. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ, ಅದರ ಮೊದಲಿನ ಉತ್ತರಗಳನ್ನೂ ನಾನು ಮತ್ತೆ ನೋಡಬೇಕು. ಚುಕ್ಕೆ ತೆಗೆದುಬಿಡಿ. ಉತ್ತರವಿಲ್ಲ ಎನ್ನುವುದಕ್ಕೆ ಸಮೀಕ್ಷೆಯಲ್ಲಿ ಒಂದು ಅಡ್ಡಗೆರೆಯುಂಟು. ಅದನ್ನು ಎಳೆದು ತೋರಿಸಿ ಸಹಿ ಮಾಡಿದ. ಗೆರೆ ಎಳೆಯುವಾಗ ಅವ್ವ ಶಾಲು ಕೊಡವಿಕೊಂಡು ಬಾಗಿಲಾಚೆ ಹೋದ ಹಾಗಾಯಿತು. ಅವಳು ತಿರುಗಿ ನೋಡಲಿಲ್ಲ. ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿ ಪಟ್ಟಿ ಬಿಗಿದ.

"ಮುಗೀತಾ ನಿಮ್ಮ ಪರೀಕ್ಷೆ?" ಲೆಟ್ಟಿ ಒಳಗಿನಿಂದ ಕೇಳಿದಳು.

"ಬ್ರೆಡ್ಲೋದ್ದು ಮುಗೀತು."

"ಹಂಗಿದ್ರೆ ಈಗ ನೀವು ಮಾತಾಡಬಹುದು ಅನ್ನಿ. ನಿಯಮ ಇಲ್ಲ."

ಅವನು ಯೋಚಿಸಿದ. "ಇಲ್ಲ, ಈಗ ನಿಯಮ ಇಲ್ಲ."

"ಬನ್ನಿ ಮತ್ತೆ, ಇನ್ನೊಂದು ಕೆನ್ನೆ ಹಾಗೇ ಇದೆ," ಎಂದಳು ಡಾರ್ಕಸ್. ಅವನು ಬಂದು ಬಗ್ಗಿದ ಮೇಲೆ, ಯಾರೋ ದೂರದ ಸಂಬಂಧಿಯ ಕ್ಷೇಮ ವಿಚಾರಿಸುವ ಹಾಗೆ, "ಹೆಂಗಂತಿದ್ರು ನಿಮ್ಮವ್ವ? ಅಂದು ತೋರ್ಸಿ," ಎಂದಳು.

ಮೂವತ್ತು ವರ್ಷ ಇನ್ನೊಬ್ಬರ ಬಾಯನ್ನೇ ಕಾದ ಬಾಯಿ ಅದು. ಮೊದಲ ಸಲ ಒಣಗಿ ಅಂಟಿಕೊಂಡಿತು. ಎರಡನೆಯ ಸಲ ಅಂದ.

"ನೆಶ್," ಎಂದಳು ಲೆಟ್ಟಿ, ಅನುಕರಿಸಿ.

"ಅದು ಇಲ್ಲಿಯದು. ಅವಳದು ಉದ್ದ."

"ನೇಷ್."

"ಅಲ್ಲ, ಬಾಯಿ ಅಷ್ಟು ಅಗಲಿಸಬೇಡಿ. ಕೊನೆಗೆ ಗಾಳಿ ಹೊರಗೆ ಹೋಗ್ಲಿ, ಬೂದಿ ಊದೋ ಹಾಗೆ."

"ನೇಶ್," ಎಂದಳು ಡಾರ್ಕಸ್ ಆಲ್ಸಪ್, ಥಟ್ಟನೆ, ಹಲಗೆಯ ಆ ತುದಿಯಿಂದ. ಎಲ್ಲ ಸರಿಯಾಗಿತ್ತು. ಗಿರಣಿಯೂರಿನ ಒಲೆಯ ಮುಂದಿನಿಂದ ಬಂದ ಹಾಗೇ ಇತ್ತು. ಅವನ ಬೆರಳ ತುದಿಯಲ್ಲಿದ್ದ ಎಸಳು ನಡುಗಿತು. ಅದು ನಿಲ್ಲುವವರೆಗೆ ಕಾದು, ಅವನು ಅದನ್ನು ಅದರ ಜಾಗಕ್ಕೆ ಇಟ್ಟ. ನಾಳೆ ಇನ್ನೊಬ್ಬ ಪುಸ್ತಕ ಹಿಡಿದು ಈ ಊರಿಗೆ ಬಂದು, ಈ ಹೆಂಗಸರ ಬಾಯಲ್ಲಿ ಎರಡು ಸ್ವರ ಕೇಳಿ, ಎರಡನೆಯದು ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಂಡಾನೆಂದು ಹೊಳೆಯಿತು. ಹೊಳೆದರೂ ತಡೆಯಲಿಲ್ಲ.

"ಇನ್ನೊಂದ್ಸಲ ಅನ್ನಿ," ಎಂದಳು ಲೆಟ್ಟಿ. "ನಂಗಿನ್ನೂ ಬರ್ಲಿಲ್ಲ."

ಅವನು ಇನ್ನೊಂದು ಸಲ ಅಂದ.